ಎರಡು ರೌಟರುಗಳ ನಡುವಿನ ಗೆರೆ

ನಿವೃತ್ತಿಯಾದವರ ಮನೆಯ ಬಾಗಿಲು ಬಡಿಯುವವರು ಸಾಮಾನ್ಯವಾಗಿ ಎರಡು ಥರ. ಪಿಂಚಣಿ ಅರ್ಜಿ ತುಂಬುವುದು ಹೇಗೆಂದು ಕೇಳಲು ಬರುವವರು ಒಂದು ಥರ, ಸಮಾರಂಭದಲ್ಲಿ ನಾಲ್ಕು ಹಿತವಚನ ಹೇಳಬೇಕೆಂದು ಕರೆಯಲು ಬರುವವರು ಇನ್ನೊಂದು ಥರ. ಹೋದ ತಿಂಗಳು ಕೊಪ್ಪಳದ ನಮ್ಮ ಮನೆಗೆ ಬಂದ ಹುಡುಗಿ ಈ ಎರಡರಲ್ಲೂ ಸೇರಿರಲಿಲ್ಲ. ಡಿಪ್ಲೊಮಾ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. ನಾನು ಚಹಾ ಕೈಗೆ ಕೊಡುವ ಮೊದಲೇ ಕೇಳಿದಳು:

"ಮೇಡಂ, ಎರಡು ರೌಟರ್ ನಡುವ ಯಾವ ಕೇಬಲ್ ಐತಿ ಅಂತ ಕೇಳಿದ್ರ ಹುಡುಗ್ರೆಲ್ಲಾ ಕೆಂಪ ಗೆರಿ ಅಂತಾರ್ರಿ. ಮುಂದ ಬಾಯಿನ ಬಿಡಂಗಿಲ್ಲ. ನೀವು ಹೆಂಗ ಕಲಸ್ತಿದ್ರಿ?"

ನಾನು ನಕ್ಕೆ. ಆಮೇಲೆ ಎರಡು ಲೋಟ ಚಹಾ ಆಗುವಷ್ಟು ಹೊತ್ತು ಮಾತಾಡಿದೆ. ಅವಳು ಹೋದ ಮೇಲೆ, ಹೇಳಬೇಕಾದದ್ದನ್ನು ಹೇಳದೆ ಬೇರೆಯದನ್ನೆಲ್ಲ ಹೇಳಿದೆನಲ್ಲ ಎಂದು ಕಸಿವಿಸಿಯಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನು ಇಲ್ಲಿ ಹುಡುಕಬೇಡಿ. ಆ ಶಾಲುಗಳು ಬೀರುವಿನಲ್ಲಿವೆ, ಚಳಿಗಾಲದಲ್ಲಿ ನಮ್ಮ ಯಜಮಾನರು ಹೊದ್ದುಕೊಳ್ಳುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ನಾಲಿಗೆ ಮೆತ್ತಗಿನದಲ್ಲ. ಲ್ಯಾಬಿನಲ್ಲಿ ಕ್ರಿಕೆಟ್ ಸ್ಕೋರು ನೋಡುವವರ ಗಣಕವನ್ನು ಹಿಂದಿನಿಂದ ಹೋಗಿ ಆರಿಸಿಬಿಡುತ್ತಿದ್ದೆ. ಹುಡುಗರು ನನಗೆ 'ಶಟ್‌ಡೌನ್ ಮೇಡಂ' ಎಂದು ಹೆಸರಿಟ್ಟಿದ್ದರು. ಆ ಹೆಸರು ನನಗಿಂತ ಮೊದಲೇ ವರ್ಗವಾಗಿ ಮುಂದಿನ ಊರಿಗೆ ಹೋಗಿ ಕೂತಿರುತ್ತಿತ್ತು.

ನಾನು ಕೆಲಸಕ್ಕೆ ಸೇರಿದ್ದು ಕುಷ್ಟಗಿಯಲ್ಲಿ. ರೌಟರ್ ಎಂದರೆ ಒಂದು ಜಾಲದ ಮಾಹಿತಿಯನ್ನು ಇನ್ನೊಂದು ಜಾಲಕ್ಕೆ ದಾಟಿಸುವ ಪೆಟ್ಟಿಗೆ. ಅಂಥವು ನಮ್ಮ ಲ್ಯಾಬಿನಲ್ಲಿ ಎರಡೇ ಎರಡು ಇದ್ದವು, ಅವೂ ಗಾಜಿನ ಕಪಾಟಿನಲ್ಲಿ, ಬೀಗದೊಳಗೆ. ಬೀಗದ ಕೈ ಇದ್ದದ್ದು ನಮ್ಮ ವಿಭಾಗದ ಮುಖ್ಯಸ್ಥರಾದ ದೇಸಾಯಿ ಸರ್ ಅವರ ಬಳಿ. ತಪಾಸಣೆಗೆ ಯಾರಾದರೂ ಬಂದರೆ ಮಾತ್ರ ಕಪಾಟು ತೆರೆಯುತ್ತಿತ್ತು. ಹುಡುಗರು ಗಾಜಿಗೆ ಮೂಗು ಹಚ್ಚಿ ನೋಡಿ ಹೋಗುತ್ತಿದ್ದರು.

ಒಂದು ವರ್ಷ ಆಯುಧ ಪೂಜೆಗೆ ದೇಸಾಯಿ ಸರ್ ಮನಸ್ಸು ಕರಗಿ ಎರಡನ್ನೂ ಹೊರಗೆ ತೆಗೆಸಿದರು. ಹುಡುಗಿಯರು ಭಕ್ತಿಯಿಂದ ಅರಿಷಿಣ ಕುಂಕುಮ ಹಚ್ಚಿದರು, ಹೂ ಏರಿಸಿದರು, ಊದಿನಕಡ್ಡಿ ಸಿಗಿಸಲು ಒಳ್ಳೆ ತೂತು ಹುಡುಕಿದರು. ಕೇಬಲ್ ಚುಚ್ಚುವ ಕಿಂಡಿಗಿಂತ ಒಳ್ಳೆಯ ತೂತು ಇನ್ನೆಲ್ಲಿ ಸಿಗಬೇಕು? ಹಬ್ಬ ಮುಗಿದ ಮೇಲೆ ನೋಡಿದರೆ ಒಂದು ರೌಟರಿನ ಕಿಂಡಿಗಳ ತುಂಬ ಬೂದಿ ಮತ್ತು ಕುಂಕುಮ. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆವು, ಊದಿದೆವು, ಬಿಸಿಲಿಗಿಟ್ಟೆವು. ಅದು ಮತ್ತೆ ಬಾಯಿ ಬಿಡಲಿಲ್ಲ.

"ದೇವರಿಗೆ ಮುಟ್ಟಿತು ಬಿಡ್ರಿ ಮೇಡಂ," ಎಂದರು ದೇಸಾಯಿ ಸರ್. ಅಷ್ಟು ಹೇಳಿ ಕೋಣೆಗೆ ಹೋಗಿ ಅರ್ಧ ದಿನ ಬಾಗಿಲು ಹಾಕಿಕೊಂಡು ಕೂತರು. ಪಾಪ, ಆ ಪೆಟ್ಟಿಗೆಗಳನ್ನು ಮಂಜೂರು ಮಾಡಿಸಲು ಅವರು ಅಲೆದದ್ದು ಸ್ವಲ್ಪವಲ್ಲ.

ಒಂದೇ ರೌಟರಿನಿಂದ ಪಾಠ ಮಾಡುವುದು ಒಂದೇ ಕೈಯಿಂದ ಚಪ್ಪಾಳೆ ತಟ್ಟಿದ ಹಾಗೆ. ಹೀಗಾಗಿ ನಮ್ಮಲ್ಲಿಗೆ ಅನುಕರಣೆಯ ಸಾಫ್ಟ್‌ವೇರ್ ಬಂತು. ಪರದೆಯ ಮೇಲೆ ರೌಟರಿನ ಚಿತ್ರ ಎಳೆದು ಇಡುವುದು, ಕೆಳಗಿನ ಪಟ್ಟಿಯಿಂದ ಕೇಬಲ್ ಆರಿಸುವುದು, ಎರಡಕ್ಕೂ ಜೋಡಿಸುವುದು, ನಿಜವಾದ ರೌಟರಿಗೆ ಕೊಡುವ ಆಜ್ಞೆಗಳನ್ನೇ ಕೊಡುವುದು. ಎಷ್ಟು ಬೇಕಾದರೂ ರೌಟರು, ಎಷ್ಟು ಬೇಕಾದರೂ ಕೇಬಲ್ಲು. ಹೊಸತರಲ್ಲಿ ನಾನೇ ಸಂಜೆ ಮನೆಗೆ ಹೋಗುವುದನ್ನು ಮರೆತು ಮದುವೆ ಮನೆಯ ರಂಗೋಲಿಯಂತೆ ಪರದೆ ತುಂಬ ರೌಟರು ಹಾಕುತ್ತ ಕೂತದ್ದಿದೆ.

ಹೊಸಬರು ಎಡವುವುದು ಕೇಬಲ್ ಆರಿಸುವಲ್ಲೇ. ಪರದೆಯ ಮೇಲೆ ನೇರ ಜೋಡಣೆಯ ತಾಮ್ರದ ಕೇಬಲ್ ಎಂದರೆ ಅಖಂಡ ಕಪ್ಪು ಗೆರೆ. ಒಳಗಿನ ತಂತಿಗಳು ಅದಲುಬದಲಾದ ಕ್ರಾಸ್ ಕೇಬಲ್ ಎಂದರೆ ತುಂಡು ತುಂಡಾದ ಕಪ್ಪು ಗೆರೆ. ಫೈಬರ್ ಕಿತ್ತಳೆ. ದೂರದ ಊರಿನ ರೌಟರುಗಳನ್ನು ಜೋಡಿಸುವ ಸೀರಿಯಲ್ ಕೇಬಲ್ ಮಾತ್ರ ಮಿಂಚಿನ ಹಾಗೆ ಡೊಂಕಾದ ಕೆಂಪು ಗೆರೆ. ಅದರ ಒಂದು ತುದಿಯಲ್ಲಿ ಪುಟ್ಟ ಗಡಿಯಾರದ ಗುರುತು ಇರುತ್ತದೆ. ಆ ತುದಿ ಯಾವ ರೌಟರಿಗೆ ಸೇರಿದೆಯೋ ಆ ರೌಟರೇ ಮಾಹಿತಿ ಹರಿಯುವ ವೇಗವನ್ನು ನಿಗದಿ ಮಾಡಬೇಕು. ಇನ್ನೊಂದು ತುದಿ ಸುಮ್ಮನೆ ಅನುಸರಿಸಬೇಕು. ವೇಗವನ್ನೇ ಹೇಳದಿದ್ದರೆ, ಅಥವಾ ಹೇಳಬಾರದ ತುದಿಯಲ್ಲಿ ಹೇಳಿದರೆ, ಗೆರೆ ಇದ್ದರೂ ಮಾಹಿತಿ ಹರಿಯುವುದಿಲ್ಲ.

ಇದನ್ನು ಹೇಗೆ ಮನದಟ್ಟು ಮಾಡಿಸುವುದು? ನಾನು ಹುಟ್ಟಿ ಬೆಳೆದದ್ದು ಗಂಗಾವತಿ ಕಡೆಯ ಕಾಲುವೆ ಸೀಮೆಯಲ್ಲಿ. ಬೋರ್ಡಿನ ಮೇಲೆ ಕಾಲುವೆ ಬರೆದೆ, ಗದ್ದೆ ಬರೆದೆ, ನಡುವೆ ತೂಬು ಬರೆದೆ. "ತೂಬಿನ ಗೇಟು ಎಷ್ಟು ಎತ್ತಬೇಕು ಅಂತ ಮ್ಯಾಲಿನಾವ್ರು ಹೇಳ್ತಾರ, ಕೆಳಗಿನ ಗದ್ದಿಯವ್ರು ಬಂದಷ್ಟು ನೀರು ಕಟ್ಟಿಕೊಳ್ತಾರ. ಗಡಿಯಾರ ಇರೂ ತುದಿ ಅಂದ್ರ ತೂಬು!" ಎಂದು ಗೆದ್ದ ಮುಖ ಮಾಡಿ ತಿರುಗಿದೆ. ಇಡೀ ತರಗತಿ ಪಿಳಿಪಿಳಿ ನೋಡುತ್ತಿತ್ತು. ಕೊನೆಗೆ ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು.

"ಮೇಡಂ, ತೂಬು ಅಂದ್ರೇನ್ರಿ? ನಮ್ಮೂರಾಗ ಬೋರ್ ಅದಾವ್ರಿ. ಬಟನ್ ಒತ್ತಿದ್ರ ನೀರು ಬರ್ತಾವ."

ಕುಷ್ಟಗಿಯ ಒಣ ಸೀಮೆಯ ಮಕ್ಕಳಿಗೆ ಕಾಲುವೆಯ ಪಾಠ! ಮರುದಿನ ಭಜನೆಯ ಉದಾಹರಣೆ ಹಿಡಿದೆ. ಒಬ್ಬರು ತಾಳ ಹಾಕುತ್ತಾರೆ, ಉಳಿದವರು ಆ ತಾಳಕ್ಕೆ ಹಾಡುತ್ತಾರೆ. ತಾಳ ಹಾಕುವವರೇ ಇಲ್ಲದಿದ್ದರೆ ಯಾರೂ ಬಾಯಿ ತೆರೆಯುವುದಿಲ್ಲ. ಈಗ ಎಲ್ಲರ ಮುಖ ಅರಳಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಹೇಳುವುದು ಇಷ್ಟೇ: ಉದಾಹರಣೆಯನ್ನು ನಿಮ್ಮ ಊರಿನಿಂದ ತರಬೇಡಿ, ಎದುರಿಗೆ ಕೂತ ಮಗುವಿನ ಊರಿನಿಂದ ತನ್ನಿ.

ದೇಸಾಯಿ ಸರ್ ಸಾಫ್ಟ್‌ವೇರಿನಲ್ಲಿ ಬಹಳ ಇಷ್ಟಪಟ್ಟದ್ದು ಒಂದೇ ಗುಂಡಿಯನ್ನು. ಅದನ್ನು ಒತ್ತಿ ಎರಡು ಸಾಧನಗಳನ್ನು ಮುಟ್ಟಿದರೆ ಸರಿಯಾದ ಕೇಬಲ್ಲನ್ನು ಅದೇ ಆರಿಸಿ ಜೋಡಿಸಿಬಿಡುತ್ತದೆ. "ಇಷ್ಟು ಶಾಣ್ಯಾ ಗುಂಡಿ ಇರುವಾಗ ಹುಡುಗ್ರ ತಲಿ ಯಾಕ ತಿಂತೀರಿ?" ಎನ್ನುತ್ತಿದ್ದರು. ಈಗಿನ ನಿಜವಾದ ಯಂತ್ರಗಳೂ ಎಷ್ಟೋ ಕಡೆ ನೇರ ಕೇಬಲ್ಲೋ ಕ್ರಾಸೋ ಎಂದು ತಾವೇ ಹೊಂದಿಸಿಕೊಳ್ಳುತ್ತವೆ, ನಿಜ. ಆದರೆ ಪರೀಕ್ಷೆಯಲ್ಲಿ ಆ ಗುಂಡಿಗೆ ನಿಷೇಧ. ನಾವಿಬ್ಬರೂ ಈ ಒಂದು ವಿಷಯಕ್ಕೆ ಎಷ್ಟು ಜಗಳಾಡಿದ್ದೇವೆ ಎಂದರೆ, ನನಗೆ ಯಲಬುರ್ಗಾಕ್ಕೆ, ಅಲ್ಲಿಂದ ಗಂಗಾವತಿಗೆ ವರ್ಗವಾದ ಮೇಲೆ ಅವರೂ ಅಲ್ಲಿಗೇ ಮುಖ್ಯಸ್ಥರಾಗಿ ಬಂದಾಗ ಮೊದಲು ಕೇಳಿದ್ದು, "ಆ ಗುಂಡಿ ಈಗ್ಲಾದ್ರೂ ಒತ್ತಾಕ ಬಿಡ್ತೀರೇನ್ರಿ?" ಎಂದು.

ನಾನು ಹೇಳಲು ಹೊರಟದ್ದು ಆ ಗಂಗಾವತಿಯ ಲ್ಯಾಬಿನ ಕಥೆ.

ಹನುಮನಹಳ್ಳಿಯಿಂದ ಇಬ್ಬರು ಬರುತ್ತಿದ್ದರು, ಅಣ್ಣ ಹನುಮೇಶ, ತಂಗಿ ಪಂಪಾವತಿ. ಎಲ್ಲರೂ ಅವಳನ್ನು ಪಂಪಾ ಎನ್ನುತ್ತಿದ್ದರು. ಅವರ ಅಪ್ಪ ಅಂಜನಾದ್ರಿ ಬೆಟ್ಟಕ್ಕೂ ಸಾಣಾಪುರ ಕೆರೆಗೂ ಪ್ರವಾಸಿಗರನ್ನು ಕರೆದೊಯ್ಯುವ ಆಟೋ ಇಟ್ಟುಕೊಂಡಿದ್ದ. ಹನುಮೇಶ ಹತ್ತನೇ ತರಗತಿ ಮುಗಿಸಿ ಕೆಲಕಾಲ ಅದೇ ಆಟೋ ಓಡಿಸಿದ್ದ. ತಂಗಿ ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದು ಡಿಪ್ಲೊಮಾ ಓದುತ್ತೇನೆಂದು ಹಟ ಹಿಡಿದಾಗ ಮನೆಯಲ್ಲಿ ಒಂದು ತೀರ್ಮಾನವಾಯಿತು. ಬೆಳೆದ ಹುಡುಗಿಯನ್ನು ಒಬ್ಬಳನ್ನೇ ಬಸ್ಸಿನಲ್ಲಿ ಕಳಿಸುವುದು ಬೇಡ, ಅಣ್ಣನೂ ಅದೇ ಕಾಲೇಜಿಗೆ, ಅದೇ ತರಗತಿಗೆ ಸೇರಲಿ. ಅಣ್ಣ ಹೋದರೆ ತಂಗಿ ಹೋಗುತ್ತಾಳೆ. ಅಣ್ಣ ಯಾವುದಾದರೂ ಒಂದು ವಿಷಯದಲ್ಲಿ ಬಿದ್ದರೂ ಓದು ಸಾಕು, ಆಟೋ ಹಿಡಿಯಬೇಕು. ಆಗ ತಂಗಿಯೂ ಮನೆಯಲ್ಲೇ. ಇದನ್ನು ಅವರ ಅಪ್ಪ ಪ್ರವೇಶದ ದಿನ ನಮ್ಮೆಲ್ಲರ ಎದುರಿಗೇ ಹೇಳಿದ್ದ. ಒರಟು ಮನುಷ್ಯನಲ್ಲ. ಮಗಳ ಚೀಲವನ್ನು ತಾನೇ ಹೊತ್ತು ಬಂದಿದ್ದ. ಆದರೆ ಅವನ ಮಾತು ಮಾತೇ.

ಇಬ್ಬರೂ ಲ್ಯಾಬಿನಲ್ಲಿ ಪಕ್ಕಪಕ್ಕದಲ್ಲೇ ಕೂರುತ್ತಿದ್ದರು. ಹನುಮೇಶ ಬುದ್ಧಿವಂತ, ಇಲ್ಲಿಯಾದರೂ ಕಾಲುವೆ ಸೀಮೆಯ ಮಕ್ಕಳು ಎಂದು ನಾನು ತೂಬಿನ ಉದಾಹರಣೆಯನ್ನು ಮತ್ತೆ ಕೊಟ್ಟ ದಿನ ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ಅವನೇ. ಬರೆಯುವ ಪರೀಕ್ಷೆಯಲ್ಲಿ ಮುಂದು. ಪಂಪಾ ಮಾತ್ರ ಲ್ಯಾಬಿನಲ್ಲಿ ಎಂದೂ ಹೊತ್ತಿಗೆ ಸರಿಯಾಗಿ ತನ್ನ ಕೆಲಸ ಮುಗಿಸುತ್ತಿರಲಿಲ್ಲ. "ಯವ್ವಾ, ನಿನ್ನ ಪರದೆ ನೋಡು, ಅಣ್ಣನ ಪರದೆ ನೋಡಿದ್ರ ನಿನಗ ಮಾರ್ಕ್ಸ್ ಬರ್ತಾವೇನು?" ಎಂದು ಗದರಿಸುತ್ತಿದ್ದೆ. ಅವಳು ತಲೆ ತಗ್ಗಿಸುತ್ತಿದ್ದಳು, ಮತ್ತೆ ನೋಡುತ್ತಿದ್ದಳು.

ಐದನೇ ಸೆಮಿಸ್ಟರಿನ ನೆಟ್‌ವರ್ಕಿಂಗ್ ಲ್ಯಾಬಿನಲ್ಲಿ ಒಳಪರೀಕ್ಷೆ ಇಟ್ಟಾಗ ಎಲ್ಲರನ್ನೂ ನೋಂದಣಿ ಸಂಖ್ಯೆಯಂತೆ ಕೂರಿಸಿದೆ. ಅಣ್ಣ ಬಾಗಿಲ ಬಳಿ, ತಂಗಿ ಕಿಟಕಿಯ ಬಳಿ. ಎರಡು ರೌಟರುಗಳ ನಡುವಿನ ಜೋಡಣೆ ನೋಡಿ, ಕೇಬಲ್ ಯಾವುದು, ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಳಬೇಕು. ಹನುಮೇಶ ಸತ್ತ ಜೋಡಣೆಯನ್ನು ಬದುಕಿದೆ ಎಂದು ಬರೆದ, ಬದುಕಿದ್ದನ್ನು ಸತ್ತಿದೆ ಎಂದ. ನೆಟ್ಟಗಿನ ಫೈಬರಿನ ಗೆರೆಯನ್ನು ತಾಮ್ರ ಎಂದ. ನನಗೆ ತಲೆಬುಡ ತಿಳಿಯಲಿಲ್ಲ. ಬರೆಯುವ ಪರೀಕ್ಷೆಯಲ್ಲಿ ಇದನ್ನೆಲ್ಲ ಪುಟಗಟ್ಟಲೆ ವಿವರಿಸಿದ್ದವನು ಇವನೇ ಅಲ್ಲವೇ?

ಮುಂದಿನ ವಾರ ಅವರಿಬ್ಬರೂ ಮತ್ತೆ ಪಕ್ಕಪಕ್ಕ ಕೂತಾಗ ನಾನು ಹಿಂದೆ ನಿಂತು ನೋಡಿದೆ. ನಮ್ಮ ಸಾಫ್ಟ್‌ವೇರಿನ ಹಳೆಯ ಆವೃತ್ತಿಯಲ್ಲಿ ಕೇಬಲ್ಲಿನ ಎರಡೂ ತುದಿಗೆ ಒಂದೊಂದು ದುಂಡು ಚುಕ್ಕೆ ಕಾಣುತ್ತಿತ್ತು. ಜೋಡಣೆ ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಹನುಮೇಶ ಕೇಬಲ್ ಜೋಡಿಸಿ ಸುಮ್ಮನೆ ಕಾಯುತ್ತಿದ್ದ. ಪಂಪಾ ತನ್ನ ಕೆಲಸ ಬಿಟ್ಟು ಅವನ ಪರದೆಗೆ ಕಣ್ಣು ಹಾಯಿಸಿ ಮೇಜಿನ ಮೇಲೆ ಬೆರಳು ಕುಟ್ಟುತ್ತಿದ್ದಳು. ಒಮ್ಮೆ ಕುಟ್ಟಿದರೆ ಅವನು ಮುಂದೆ ಹೋಗುತ್ತಿದ್ದ, ಎರಡು ಸಲ ಕುಟ್ಟಿದರೆ ತಪ್ಪು ಹುಡುಕುತ್ತಿದ್ದ.

ನಾನು ಇಬ್ಬರನ್ನೂ ಎಬ್ಬಿಸಲಿಲ್ಲ, ಬಯ್ಯಲೂ ಇಲ್ಲ. ಮೂಲೆಯಲ್ಲಿ ಕೇಬಲ್ ತುಂಡುಗಳ ಪೆಟ್ಟಿಗೆ ಇತ್ತು. "ಹನುಮೇಶ, ಅದರಾಗಿಂದ ಕೆಂಪು ಕೇಬಲ್ ತಗೊಂಡು ಬಾ," ಎಂದೆ. ಅವನು ಹೋಗಿ ಪೆಟ್ಟಿಗೆಯ ಮುಂದೆ ಬಗ್ಗಿದ, ತಿರುಗಿ ತಂಗಿಯ ಕಡೆ ನೋಡಿದ. ನಾನು ಅವಳಿಗೆ ಅಡ್ಡ ನಿಂತಿದ್ದೆ. ಅವನು ಒಂದನ್ನು ಎತ್ತಿಕೊಂಡು ಬಂದು ನನ್ನ ಕೈಗಿಟ್ಟ. ಹಚ್ಚ ಹಸಿರು ಕೇಬಲ್.

ತರಗತಿ ಮುಗಿದ ಮೇಲೆ ಇಬ್ಬರನ್ನೂ ನಿಲ್ಲಿಸಿಕೊಂಡೆ. ಅಣ್ಣ ನೆಲ ನೋಡುತ್ತಿದ್ದ. ಬಾಯಿ ಬಿಟ್ಟವಳು ತಂಗಿ.

"ಅಣ್ಣಗ ಹಸರು ಕೆಂಪು ಎರಡೂ ಒಂದ ಕಾಣ್ತಾವ್ರಿ ಮೇಡಂ, ಕಿತ್ತಳಿ ಕಪ್ಪಗ ಕಾಣ್ತೈತ್ರಿ. ಹುಟ್ಟಿದಾಗಿಂದ. ನಮ್ಮವ್ವನ ಅಪ್ಪ, ಮುತ್ಯಾಗೂ ಹಂಗ ಇತ್ತಂತ್ರಿ. ಹಣ್ಣ ಮೆಣಸಿನಕಾಯಿ ಬಿಡಿಸ್ಕೊಂಡ್ ಬಾ ಅಂದ್ರ ಹಸೀವು ಬಿಡಿಸ್ಕೊಂಡ್ ಬರ್ತಿದ್ನಂತ."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಅವ್ವ ಆಣಿ ಹಾಕ್ಯಾಳ್ರಿ. ಮನಿತನದಾಗ ಕಣ್ಣಿನ ರೋಗ ಐತಿ ಅಂತ ಊರಾಗ ಗೊತ್ತಾದ್ರ ನನ್ನ ಲಗ್ನಕ್ಕ ತೊಡಕು ಆಕ್ಕೈತಂತ. ಅಪ್ಪಗೂ ಗೊತ್ತಿಲ್ರಿ."

ಹನುಮೇಶ ಆಗ ತಲೆ ಎತ್ತಿದ. "ನಾ ಬಿದ್ರ ಆಕಿದೂ ಸಾಲಿ ಬಿಡಸ್ತಾರ್ರಿ. ನನಗ ಆಟೋ ಬರ್ತೈತಿ, ನಾ ಹೆಂಗರ ಬದುಕ್ತೀನಿ. ಆಕಿ ಏನ್ ಮಾಡಬೇಕ್ರಿ?" ಎಂದ. ದೊಡ್ಡ ಪರೀಕ್ಷೆಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಅಲ್ಲಿಯೂ ನೋಂದಣಿ ಸಂಖ್ಯೆಯಂತೆಯೇ ಕೂರಿಸುತ್ತಾರೆ. ಕುಟ್ಟಿದ್ದು ಕೇಳಿಸುವಷ್ಟು ಹತ್ತಿರ ಯಾರೂ ಇರುವುದಿಲ್ಲ.

ನನಗೆ ಆ ಹುಡುಗನ ಮೇಲೆ ಹುಟ್ಟಿದ ಮಮತೆಯನ್ನು ಈಗ ಮುಚ್ಚಿಡುವುದು ಯಾಕೆ? ಆ ಹುಡುಗಿಯ ಮೇಲೆ ಅದಕ್ಕಿಂತ ಹೆಚ್ಚಾಗಿ ಹುಟ್ಟಿತು. ಎರಡೂವರೆ ವರ್ಷ ತನ್ನ ಪರದೆ ಬಿಟ್ಟು ಅಣ್ಣನ ಪರದೆ ಕಾದವಳು. ಮನೆಗೆ ಹೋಗಿ ಅನ್ನಕ್ಕಿಟ್ಟು ಒಲೆ ಹೊತ್ತಿಸುವುದನ್ನೇ ಮರೆತೆ.

ಮರುದಿನ ನಾನು ನನ್ನ ಗಣಕದ ಬಣ್ಣವನ್ನೇ ತೆಗೆದುಬಿಟ್ಟೆ. ಪರದೆಯನ್ನು ಪೂರ್ತಿ ಕಪ್ಪು ಬಿಳುಪು ಮಾಡುವ ಸೌಲಭ್ಯ ಅದರಲ್ಲೇ ಇರುತ್ತದೆ. ಹಾಗೆ ಮಾಡಿ ಕೂತಾಗ ಗೊತ್ತಾಯಿತು, ಇಷ್ಟು ವರ್ಷ ನಾನೂ ಕಲಿಸಿದ್ದು ಬಣ್ಣವನ್ನೇ. ಎರಡು ರೌಟರುಗಳ ನಡುವೆ ಬೂದು ಗೆರೆ, ಬೂದು ಚುಕ್ಕೆ. ಆದರೂ ಡೊಂಕಾದ ಗೆರೆ ಡೊಂಕೇ, ತುಂಡು ಗೆರೆ ತುಂಡೇ. ರೌಟರಿನ ಮೇಲೆ ಮೌಸನ್ನು ಸುಮ್ಮನೆ ನಿಲ್ಲಿಸಿದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ, ಯಾವ ಕಿಂಡಿ ಎದ್ದಿದೆ, ಯಾವುದು ಬಿದ್ದಿದೆ ಎಂದು ಅಕ್ಷರದಲ್ಲೇ ಹೇಳುತ್ತದೆ. ನೆಟ್ಟಗಿನ ಗೆರೆ ತಾಮ್ರವೋ ಫೈಬರೋ ಎಂಬ ಸಂಶಯ ಬಂದರೆ ಅದು ಸೇರಿದ ಕಿಂಡಿಯ ಜಾತಿ ನೋಡಿದರೆ ಮುಗಿಯಿತು. ಗಡಿಯಾರದ ಗುರುತು ಕಾಣದಿದ್ದರೆ ರೌಟರಿನೊಳಗೆ ಹೋಗಿ 'ಶೋ ಕಂಟ್ರೋಲರ್ಸ್' ಎಂದು ಕೇಳಬಹುದು. ಆ ತುದಿ ತಾಳ ಹಾಕುವುದೋ ಹಾಡುವುದೋ ಎಂದು ಅದೇ ಬಾಯಿ ಬಿಟ್ಟು ಹೇಳುತ್ತದೆ. ಯಾವುದಕ್ಕೂ ಬಣ್ಣ ಬೇಕಿಲ್ಲ.

ಆದರೆ ಇದನ್ನು ಹನುಮೇಶನೊಬ್ಬನಿಗೇ ಕಲಿಸಿದರೆ ನಾಲ್ಕು ಜನ ಯಾಕೆ ಎಂದು ಕೇಳುತ್ತಾರೆ. ಹಾಗಾಗಿ ಲ್ಯಾಬಿನ ಎಲ್ಲ ಗಣಕಗಳ ಬಣ್ಣ ತೆಗೆದೆ. ಹುಡುಗರು ಒಳಗೆ ಬಂದು ಹೌಹಾರಿದರು.

"ಮೇಡಂ, ಎಲ್ಲಾ ಕೆಟ್ಟಾವ್ರಿ!"

"ಕೆಟ್ಟಿಲ್ಲ, ನಾನ ತಗದೀನಿ. ಪರೀಕ್ಷಿ ತನಕಾ ಹಿಂಗ. ಕೆಂಪ ಗೆರಿ ಅಂತ ಯಾರರ ಅಂದ್ರ ಹೊರಗ ಕಳಸ್ತೀನಿ."

ದೇಸಾಯಿ ಸರ್ ಬಾಗಿಲಲ್ಲೇ ನಿಂತುಬಿಟ್ಟರು. "ಇದೇನ್ರಿ ಮೇಡಂ, ಹಳೇ ಟಿವಿ ರಿಪೇರಿ ಅಂಗಡಿ ಇಟ್ಟಂಗ ಕಾಣ್ತೈತಿ. ಯಾರರ ತಪಾಸಣಿಗೆ ಬಂದ್ರ ಏನ್ ಹೇಳೂನು?" ಎಂದರು. ನಾನು ಅವರನ್ನು ವರಾಂಡಕ್ಕೆ ಕರೆದೊಯ್ದು ಹೆಸರು ಹೇಳದೆ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಯಾರು ಅಂತ ನನಗ ಹೇಳಬ್ಯಾಡ್ರಿ," ಎಂದರು. "ಯಾರರ ಕೇಳಿದ್ರ ಕರೆಂಟ್ ಉಳಸಾಕ ಮಾಡೇವಿ ಅಂತ ಹೇಳ್ತೀನಿ." ಕಪ್ಪು ಬಿಳುಪು ಮಾಡಿದರೆ ಕರೆಂಟು ಎಲ್ಲಿ ಉಳಿಯುತ್ತದೆ? ಆದರೆ ಅಂದಿನಿಂದ ಅವರು ಆ ಗುಂಡಿಯ ಮಾತೆತ್ತಲಿಲ್ಲ. ಮೇಲಿನವರು ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಒಂದು ಸಂಗತಿ ಹೇಳುತ್ತೇನೆ.

ಮೊದಲ ವಾರ ಎಲ್ಲರೂ ತಡವರಿಸಿದರು, ಗೊಣಗಿದರು. ಹನುಮೇಶ ಮಾತ್ರ ಹುಟ್ಟಿದಾಗಿನಿಂದ ಅಭ್ಯಾಸವಿದ್ದವನು, ಬೇಗ ಹಿಡಿದುಕೊಂಡ. ಕೊನೆಗೆ ಇತರರೇ ಬಂದು ಅವನ ಕುರ್ಚಿಯ ಹಿಂದೆ ನಿಲ್ಲತೊಡಗಿದರು. ಪಂಪಾಳ ಬೆರಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಕುಟ್ಟುವುದಕ್ಕೆ ಏನೂ ಇಲ್ಲದಿದ್ದರೂ ಮೇಜಿನ ಮೇಲೆ ಬಂದು ಕೂರುತ್ತಿತ್ತು. "ತಂಗೀ, ಕೈ ಕೀಬೋರ್ಡ್ ಮ್ಯಾಲ," ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಅವಳು ಲ್ಯಾಬಿನಲ್ಲಿ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗಲೇ.

ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕರು ಬಂದರು. ಗಣಕಗಳಿಗೆ ಬಣ್ಣ ವಾಪಸು ಬಂದಿತ್ತು, ಪರೀಕ್ಷೆಯ ನಿಯಮದಲ್ಲಿ ನನ್ನ ಆಟ ನಡೆಯುವುದಿಲ್ಲ. ಅಣ್ಣ ಬಾಗಿಲ ಬಳಿ, ತಂಗಿ ಕಿಟಕಿಯ ಬಳಿ. ನಾನು ಒಳಪರೀಕ್ಷಕಿ, ಬಾಯಿ ತೆರೆಯುವ ಹಾಗಿಲ್ಲ. ಪರೀಕ್ಷಕರು ಹನುಮೇಶನ ಪರದೆಯಲ್ಲಿ ಎರಡು ರೌಟರುಗಳ ನಡುವಿನ ಗೆರೆ ತೋರಿಸಿ ಕೇಳಿದರು:

"ಈ ತುದೀಗೆ ಚುಕ್ಕಿ ಯಾವ ಬಣ್ಣ ಐತಪ್ಪ?"

ಕಣ್ಣಿನಿಂದ ನೋಡಿ ಬಣ್ಣ ಹೇಳುವ ಈ ಒಂದು ಪ್ರಶ್ನೆ ಮಾತ್ರ ಇಷ್ಟು ದಿನ ಕಲಿಸಿದ್ದರಲ್ಲಿ ಇರಲಿಲ್ಲ. ಹನುಮೇಶ ಮೌಸನ್ನು ರೌಟರಿನ ಮೇಲೆ ಒಯ್ದು ನಿಲ್ಲಿಸಿದ, ಪಟ್ಟಿ ಓದಿದ.

"ಲಿಂಕ್ ಬಿದ್ದೈತ್ರಿ ಸರ್."

"ನಾ ಬಣ್ಣ ಕೇಳಿದೆ."

ಬಿದ್ದಿದ್ದರೆ ಕೆಂಪು ಎಂದು ಲೆಕ್ಕ ಹಾಕಿ ಹೇಳಿಬಿಡಬಹುದಿತ್ತು, ಅವನು ಹಾಗೆ ಮಾಡಲಿಲ್ಲ. ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದ, "ನನಗ ಬಣ್ಣ ಗೊತ್ತಾಗಂಗಿಲ್ರಿ ಸರ್. ಹುಟ್ಟಿದಾಗಿಂದ ಇಲ್ರಿ. ಆದ್ರ ಲಿಂಕ್ ಬಿದ್ದೈತಿ, ಯಾಕ ಬಿದ್ದೈತಿ ಅಂತ ಗೊತ್ತೈತ್ರಿ."

ಕಿಟಕಿಯ ಬಳಿ ಪಂಪಾ ಎದ್ದು ನಿಂತೇಬಿಟ್ಟಿದ್ದಳು. ಪರೀಕ್ಷಕರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು, ಕುರ್ಚಿ ಎಳೆದು ಅವನ ಪಕ್ಕ ಕೂತರು.

"ಹಂಗಾದ್ರ ಬಣ್ಣ ಬಿಡು. ಯಾಕ ಬಿದ್ದೈತಿ ಹೇಳು."

ಅವನು ಹೇಳಿದ. ಗೆರೆ ಡೊಂಕಿದೆ, ಆದ್ದರಿಂದ ಸೀರಿಯಲ್ ಕೇಬಲ್. ಆಜ್ಞೆ ಕೊಟ್ಟು ಕೇಳಿದರೆ ಗಡಿಯಾರದ ತುದಿ ಎಡಗಡೆಯ ರೌಟರಿನದು ಎನ್ನುತ್ತಿದೆ. ಆದರೆ ಅಲ್ಲಿ ವೇಗವನ್ನೇ ನಿಗದಿ ಮಾಡಿಲ್ಲ. ಬಲಗಡೆಯ ಕಿಂಡಿಯನ್ನಂತೂ ತೆರೆದೇ ಇಲ್ಲ. ಎರಡನ್ನೂ ಸರಿಪಡಿಸಿದ. ಒಂದು ರೌಟರಿನಿಂದ ಇನ್ನೊಂದಕ್ಕೆ ಕೂಗು ಹಾಕುವ ಆಜ್ಞೆ ಕೊಟ್ಟ. ಉತ್ತರ ಬಂದರೆ ಪರದೆಯ ಮೇಲೆ ಆಶ್ಚರ್ಯಸೂಚಕ ಚಿಹ್ನೆಗಳು ಸಾಲಾಗಿ ಬೀಳುತ್ತವೆ. ಬಿದ್ದವು. ಪರೀಕ್ಷಕರು ಅವನ ಬೆನ್ನು ತಟ್ಟಿ ಮುಂದಿನವನ ಬಳಿ ಹೋದರು.

ನಾನು ಕಿಟಕಿಯ ಬಳಿ ಹೋದಾಗ ಪಂಪಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳ ಕೆಲಸ ಎಲ್ಲರಿಗಿಂತ ಮೊದಲೇ ಮುಗಿದಿತ್ತು. ಉಳಿದ ಹೊತ್ತನ್ನು ಏನು ಮಾಡುವುದೆಂದು ತಿಳಿಯದೆ ಕೂತಿದ್ದಳು.

ಇಬ್ಬರೂ ಪಾಸಾದರು. ಆಮೇಲೆ ಬಂದ ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ ದುಂಡು ಚುಕ್ಕೆಯ ಬದಲು ತ್ರಿಕೋನಗಳಿವೆ. ಜೋಡಣೆ ಸರಿಯಿದ್ದರೆ ತುದಿ ಮೇಲೆ, ಕೆಟ್ಟಿದ್ದರೆ ತುದಿ ಕೆಳಗೆ. ಅದನ್ನು ಮಾಡಿದವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ನಿಜವಾದ ಕೇಬಲ್ಲಿನ ಎಂಟು ಬಣ್ಣದ ತಂತಿಗಳು ಮಾತ್ರ ಹನುಮೇಶನಿಗೆ ಇವತ್ತಿಗೂ ಕಷ್ಟವೇ. ಅದಕ್ಕೆ ಅವನು ಪರೀಕ್ಷಿಸುವ ಯಂತ್ರ ಇಟ್ಟುಕೊಳ್ಳುತ್ತಾನೆ, ಇಲ್ಲವೇ ಪಕ್ಕದವರನ್ನು ನಾಚಿಕೆಯಿಲ್ಲದೆ ಕೇಳುತ್ತಾನೆ.

ಆದರೆ ಪಾಸಾದ ಮೇಲೂ ನನಗೊಂದು ಚಿಂತೆ ಉಳಿದಿತ್ತು. ಕೊನೆಯ ಸೆಮಿಸ್ಟರಿಗೆ ಕೊಪ್ಪಳದ ಕಚೇರಿಯೊಂದು ತರಬೇತಿಗೆ ಹುಡುಗರನ್ನು ಕೇಳಿತು. ಹನುಮೇಶ ತನ್ನ ಕಣ್ಣಿನ ವಿಷಯ ಮೊದಲೇ ಹೇಳಿ ಆಯ್ಕೆಯಾದ. ಪಂಪಾ ಕಾಲೇಜಿನಲ್ಲೇ ಪ್ರಾಜೆಕ್ಟ್ ಮಾಡಬೇಕು. ಅಣ್ಣ ಕೊಪ್ಪಳಕ್ಕೆ, ತಂಗಿ ಗಂಗಾವತಿಗೆ. ಇನ್ನು ಅವಳನ್ನು ಕರೆತರುವವರು ಯಾರು? ಸೆಮಿಸ್ಟರ್ ಶುರುವಾದ ದಿನ ನಾನು ಲ್ಯಾಬಿನ ಬಾಗಿಲಿಗೆ ಎರಡು ಮೂರು ಸಲ ಸುಮ್ಮನೆ ಬಂದು ಹೋದೆ. ಎಲ್ಲರೂ ಬಂದು ಕೂತರು. ಆಮೇಲೆ ಪಂಪಾ ಬಂದಳು, ಒಬ್ಬಳೇ, ಚೀಲ ಹೆಗಲಿಗೆ ಹಾಕಿಕೊಂಡು.

"ಯಾರ ಜೋಡಿ ಬಂದಿಯವ್ವಾ?" ಎಂದೆ.

"ಒಬ್ಬಾಕೀನ ಬಂದ್ನಿರಿ."

"ಅಪ್ಪ ಒಪ್ಪಿದ್ನಾ?"

"ಮೊದಲು ಒಲ್ಲೆ ಅಂದ್ರಿ. ಅಣ್ಣ ಕೊಪ್ಪಳಕ ಹೊಂಟ್ನಲ್ಲ, ಇನ್ ಸಾಲಿ ಸಾಕು ಮಾಡು ಅಂದ. ಆಗ ಅಣ್ಣ ಅವ್ವನ ಮುಂದ, ಅಪ್ಪನ ಮುಂದ ಎಲ್ಲಾ ಹೇಳಿಬಿಟ್ಟ್ರಿ. ಕಣ್ಣಿಂದು, ಬೆರಳಿಂದು, ಎಲ್ಲಾ. 'ನಾ ಆಕಿನ್ನ ಕಾಲೇಜಿಗೆ ಕರಕೊಂಡ್ ಹೋಗ್ತೀನಿ ಅಂತ ನೀ ತಿಳದಿ ಅಪ್ಪಾ. ಇಷ್ಟ್ ದಿನಾ ಆಕಿನ ನನ್ನ ಕರಕೊಂಡ್ ಹೋಗ್ಯಾಳ' ಅಂದ್ರಿ."

ಅವಳ ಹೆಗಲಿನ ಚೀಲ ಇಳಿಸಿಕೊಂಡು ಕೇಳಿದೆ, "ಅದಕ್ಕ ಅಪ್ಪ ಏನಂದ?"

"ಇವತ್ತ ಮುಂಜಾನೆ ತಾನ ಆಟೋ ತಗದು ಬಸ್ಸಿಗೆ ಬಿಟ್ಟ. ಬಸ್ ಹೊಂಟ ಮ್ಯಾಲ ಕಿಟಕಿ ಕಡೆ ಓಡಿ ಬಂದು, 'ಯವ್ವಾ, ಸಂಜಿಗೆ ಯಾವ ಬಸ್ಸಿಗೆ ಬರ್ತಿ?' ಅಂತ ಕೇಳಿದ್ರಿ."